ತಂಗಿಯ ಮನೆಗೆ ಹಾವು ಬಂತು

"ಆಪಾ, ನೀನು ಬಂದ ಮೇಲೆಯೇ ತೀರ್ಮಾನ ಮಾಡೋಣ ಅಂತ ಇವರಿಗೆ ಹೇಳಿಟ್ಟಿದ್ದೇನೆ. ಇವನು ಮನೆಗೆ ಹಾವು ತರ್ತಾನಂತೆ!"

2024ರ ಬೇಸಿಗೆ ರಜೆಯಲ್ಲಿ ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಹೊರಡುವ ಹಿಂದಿನ ರಾತ್ರಿ ಅವಳು ಫೋನಿನಲ್ಲಿ ಹೇಳಿದ ಮಾತಿದು. ಮಗ ಬೆಕ್ಕು ಕೇಳಿದ್ದರೆ ಅವಳು ಇಷ್ಟು ಗಾಬರಿಯಾಗುತ್ತಿರಲಿಲ್ಲ. ಗಿಳಿ ಕೇಳಿದ್ದರೂ ಹೇಗೋ ಒಪ್ಪುತ್ತಿದ್ದಳು. ಹನ್ನೆರಡು ವರ್ಷದ ಹುಡುಗ ಹಾವು ಕೇಳಿದ್ದ!

ನೀವು ನಗಬಹುದು. ನಾನೂ ಮೊದಲು ನಕ್ಕೆ. ಆದರೆ ಆ ಆರು ವಾರಗಳಲ್ಲಿ ತಂಗಿಯ ಮನೆಯಲ್ಲಿ ನಾನು ಕಂಡದ್ದನ್ನು ಊರಿಗೆ ಬಂದ ಮೇಲೆ ನನ್ನ ವಿದ್ಯಾರ್ಥಿನಿಯರಿಗೆ ಹಲವು ಸಲ ಹೇಳಿದ್ದೇನೆ. ಈಗ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಭಯ ಸುಮ್ಮನೆ ಹುಟ್ಟಿದ್ದಲ್ಲ

ತಂಗಿಯ ಭಯವನ್ನು ಹಗುರವಾಗಿ ಕಾಣುವಂತಿರಲಿಲ್ಲ. ನಾವು ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ಮನೆಯ ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಸೌದೆಯ ರಾಶಿ. ರಾತ್ರಿ ಬಚ್ಚಲಿಗೆ ಹೋಗುವಾಗ ಕೈಯಲ್ಲಿ ಟಾರ್ಚ್ ಇಲ್ಲದಿದ್ದರೆ ಅಮ್ಮಿ ಬೈಯುತ್ತಿದ್ದರು. ತಂಗಿ ಐದನೆಯ ತರಗತಿಯಲ್ಲಿದ್ದಾಗ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಕೊಳಕುಮಂಡಲ ಕಚ್ಚಿತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಆಕೆಯ ಊದಿದ ಕಾಲನ್ನು ತಂಗಿ ಕಣ್ಣಾರೆ ಕಂಡಿದ್ದಳು.

ನಮ್ಮ ದೇಶದಲ್ಲಿ ಹಾವಿನ ಭಯಕ್ಕೆ ಕಾರಣವಿದೆ. 2000ದಿಂದ 2019ರ ವರೆಗಿನ ಸಾವುಗಳನ್ನು ಅಧ್ಯಯನ ಮಾಡಿದ ಸಂಶೋಧಕರು, ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಅಂದಾಜಿಸಿದರು. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಇಂಥ ನಾಡಿನಿಂದ ಹೋದ ಹೆಣ್ಣು ಮಗಳಿಗೆ 'ಹಾವು' ಎಂಬ ಶಬ್ದವೇ ಸಾಕು, ಮೈ ನಡುಗಲು.

ಪಕ್ಕದ ಮನೆಯ ಅಜ್ಜಿ

ಹುಡುಗನದ್ದು ಅಂಗಡಿಯಲ್ಲಿ ಕಂಡದ್ದನ್ನು ಬೇಕೆಂದು ಹಿಡಿಯುವ ಹಟವಾಗಿರಲಿಲ್ಲ. ತಂಗಿಯ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ಇಂಗ್ಲಿಷ್ ಅಜ್ಜಿ ಒಬ್ಬರೇ ಇದ್ದರು. ತಂಗಿಗೆ ಆ ಊರು ಹೊಸದಾಗಿದ್ದಾಗ ಬಸ್ಸಿನ ದಾರಿ ಹೇಳಿಕೊಟ್ಟವರು ಅವರು. ಹೆರಿಗೆಯ ದಿನಗಳಲ್ಲಿ ಹಿರಿಯ ಮಗುವನ್ನು ನೋಡಿಕೊಂಡವರೂ ಅವರೇ. ಅವರ ಮೊಮ್ಮಗ ಶಾಲೆಯಲ್ಲಿದ್ದಾಗ ಒಂದು ಹಾವಿನ ಮರಿ ತಂದು ಸಾಕಿದ್ದ. ಮುಂದೆ ಆತ ಕಾಲೇಜಿಗೆಂದು ಬೇರೆ ಊರಿಗೆ ಹೋದ. ಹಾವು ಅಜ್ಜಿಯ ಪಾಲಿಗೆ ಉಳಿಯಿತು. ಈಗ ಅಜ್ಜಿಯೂ ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗುವವರಿದ್ದರು. ಅಲ್ಲಿ ಹಾವಿಗೆ ಪ್ರವೇಶವಿಲ್ಲ.

ತಂಗಿಯ ಮಗ ಆಗಾಗ ಅವರ ಮನೆಗೆ ಹೋಗಿ ನೀರು ಬದಲಾಯಿಸಿ ಬರುತ್ತಿದ್ದ. "ನಿನ್ನ ತಾಯಿ ಒಪ್ಪಿದರೆ ನೀನೇ ಇಟ್ಟುಕೊ. ಇಲ್ಲವಾದರೆ ಪ್ರಾಣಿಗಳ ಆಶ್ರಯಕ್ಕೆ ಕಳುಹಿಸುತ್ತೇನೆ" ಎಂದು ಅಜ್ಜಿ ಹೇಳಿದ್ದರಂತೆ. ತಂಗಿಗೆ ನಿಜವಾದ ಇಕ್ಕಟ್ಟು ಇದ್ದದ್ದು ಇಲ್ಲಿ. ಒಂದು ಕಡೆ ಭಯ, ಇನ್ನೊಂದು ಕಡೆ ನೆರೆಮನೆಯವರ ಋಣ.

ನಾನು ಮದ್ರಸಾದಲ್ಲಿ ಕಲಿತವಳೆಂದು ಅವಳು ಮೊದಲು ಕೇಳಿದ್ದು ಧರ್ಮದ ವಿಚಾರ. ನಾನು ತಿಳಿದಷ್ಟನ್ನು ಮುಚ್ಚಿಡದೆ ಹೇಳಿದೆ. ಹಾನಿಕರ ಜೀವಿಗಳನ್ನು ಕೊಲ್ಲಲು ಅನುಮತಿಯಿರುವ ಹದೀಸ್‌ಗಳಲ್ಲಿ ಹಾವಿನ ಹೆಸರೂ ಬರುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಹಾವು ಸಾಕಬಾರದೆಂದು ಹೇಳಿದ ವಿದ್ವಾಂಸರಿದ್ದಾರೆ. ವಿಷವಿಲ್ಲದ, ಯಾರಿಗೂ ತೊಂದರೆ ಕೊಡದ ಹಾವಿಗೆ ಆ ಮಾತು ಅನ್ವಯಿಸದು ಎನ್ನುವವರೂ ಇದ್ದಾರೆ. ನಾನು ಶಾಲೆಯ ಟೀಚರ್, ಮುಫ್ತಿಯಲ್ಲ. ಆದ್ದರಿಂದ ಅವರ ಮಸೀದಿಯ ವಿದ್ವಾಂಸರನ್ನೇ ಕೇಳಿ ಎಂದೆ. ಭಾವ ಹೋಗಿ ಕೇಳಿ ಬಂದರು. ಹಾವಿಗೆ ವಿಷವಿದೆಯೇ, ಅದು ಈಗ ಎಲ್ಲಿದೆ, ನೀವು ತೆಗೆದುಕೊಳ್ಳದಿದ್ದರೆ ಅದರ ಗತಿಯೇನು ಎಂದೆಲ್ಲ ವಿಚಾರಿಸಿದ ಮೇಲೆ ಅವರು ಇವರಿಗೆ ಅನುಮತಿ ಹೇಳಿದರು. ಅದು ಆ ಒಂದು ಮನೆಯ ಪರಿಸ್ಥಿತಿಗೆ ಸಿಕ್ಕ ಉತ್ತರ. ಬೇರೆಯವರು ತಮ್ಮ ವಿದ್ವಾಂಸರನ್ನು ಕೇಳಿಕೊಳ್ಳಬೇಕು.

ಆದರೆ ಸಾಕಿದ ಮೇಲೆ ಇರುವ ಹೊಣೆಯ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ. ಬೆಕ್ಕನ್ನು ಕಟ್ಟಿಹಾಕಿ, ಆಹಾರವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲದ ಹೆಣ್ಣು ಅದರಿಂದಾಗಿ ನರಕಕ್ಕೆ ಅರ್ಹಳಾದಳೆಂದು ಪ್ರವಾದಿ(ಸ) ತಿಳಿಸಿದ್ದನ್ನು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ನಾನು ಹುಡುಗನಿಗೆ ಅದನ್ನೇ ನೆನಪಿಸಿದೆ. "ಇದು ಆಟಿಕೆಯಲ್ಲ ಮಗಾ, ಅಮಾನತ್. ಹೊರಗೆ ಹೋಗಿ ತಿನ್ನುವ ದಾರಿಯನ್ನು ನಾವು ಮುಚ್ಚುತ್ತೇವೆ. ಆಮೇಲೆ ಅದರ ಹಸಿವು, ಚಳಿ, ಬಾಯಾರಿಕೆ ಎಲ್ಲವೂ ನಮ್ಮ ಲೆಕ್ಕಕ್ಕೆ."

ಇದು ಎಂಥ ಹಾವು?

ಇದರ ಹೆಸರು ಕಾರ್ನ್ ಸ್ನೇಕ್. ಕಾರ್ನ್ ಎಂದರೆ ಮೆಕ್ಕೆಜೋಳ. ಇದರ ತವರು ಅಮೆರಿಕದ ಆಗ್ನೇಯ ರಾಜ್ಯಗಳು. ಅಲ್ಲಿ ಜೋಳದ ಕಣಜಗಳ ಸುತ್ತ ಇಲಿ ಹಿಡಿಯಲು ಬರುತ್ತಿದ್ದುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಗಳು ಬಣ್ಣದ ಜೋಳದ ಕಾಳಿನ ಸಾಲಿನಂತೆ ಕಾಣುವುದೇ ಕಾರಣವೆಂದು ಇನ್ನು ಕೆಲವರು. ಬೆನ್ನು ಕಿತ್ತಳೆ ಬಣ್ಣದ್ದು. ಅದರ ಮೇಲೆ ಕಪ್ಪಂಚಿನ ಕೆಂಪು ಮಚ್ಚೆಗಳು. ಇದಕ್ಕೆ ವಿಷವಿಲ್ಲ. ಇಲಿಯನ್ನು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಅದರ ನಾಡಿನಲ್ಲಿಯೂ ಜನರು ಇದನ್ನು ಕಾಪರ್‌ಹೆಡ್ ಎಂಬ ವಿಷದ ಹಾವೆಂದು ತಪ್ಪು ತಿಳಿದು ಕೊಲ್ಲುವುದುಂಟು.

ಮೊಟ್ಟೆಯಿಂದ ಹೊರಬಂದ ಮರಿ ಒಂದು ಗೇಣಿಗಿಂತ ಸ್ವಲ್ಪ ಉದ್ದವಿರುತ್ತದೆ. ಬೆಳೆದ ಮೇಲೆ ಮೂರರಿಂದ ಐದು ಅಡಿಯಾಗುತ್ತದೆ. ಸಾಧು ಸ್ವಭಾವ ಮತ್ತು ಸಾಕುವ ಸುಲಭದಿಂದಾಗಿ ಅಮೆರಿಕ, ಬ್ರಿಟನ್‌ಗಳಲ್ಲಿ ಮೊದಲ ಬಾರಿ ಹಾವು ಸಾಕುವವರು ಹೆಚ್ಚಾಗಿ ಇದನ್ನೇ ಆರಿಸುತ್ತಾರೆ. ಪಕ್ಕದ ಮನೆಯ ಹಾವಿಗೆ ಐದು ವರ್ಷ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಉದ್ದ. ಅಜ್ಜಿ ಅದನ್ನು 'ಬಿಸ್ಕೆಟ್' ಎಂದು ಕರೆಯುತ್ತಿದ್ದರು. ಹಾವಿಗೆ ಹೊರಕಿವಿಯಿಲ್ಲ, ಹೆಸರು ಹಿಡಿದು ಕರೆದರೆ ಬರುವುದಿಲ್ಲ. ಹೆಸರು ನಮ್ಮ ಸಮಾಧಾನಕ್ಕೆ ಮಾತ್ರ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಭಾವ ಮಗನ ಮುಂದಿಟ್ಟರು. ಚೆನ್ನಾಗಿ ನೋಡಿಕೊಂಡರೆ ಈ ಹಾವು 15ರಿಂದ 20 ವರ್ಷ ಬದುಕುತ್ತದೆ. "ಇನ್ನು ಹದಿನೈದು ವರ್ಷ ಕಳೆದರೆ ನಿನಗೆ ಇಪ್ಪತ್ತೇಳು. ಆ ಅಜ್ಜಿಯ ಮೊಮ್ಮಗನೂ ನಿನ್ನ ಹಾಗೆ ಆಸೆಪಟ್ಟೇ ತಂದದ್ದು. ಕೊನೆಗೆ ಎಂಬತ್ತು ವರ್ಷದ ಅಜ್ಜಿ ಇಲಿ ಹಿಡಿದು ನಿಲ್ಲಬೇಕಾಯಿತು. ನಾಳೆ ನೀನು ಕಾಲೇಜಿಗೆ ಹೋದಾಗ ನಿನ್ನ ಅಮ್ಮಿ ನಿಲ್ಲಬೇಕೇ?"

ಹುಡುಗನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಬಂದು, "ದೂರದ ಕಾಲೇಜಿಗೆ ಹೋದರೆ ಜೊತೆಗೆ ಒಯ್ಯುತ್ತೇನೆ. ಒಯ್ಯಲು ಆಗದಿದ್ದರೆ ನಾನೇ ಒಳ್ಳೆಯ ಮನೆ ಹುಡುಕುತ್ತೇನೆ, ಅಮ್ಮಿಯ ಮೇಲೆ ಹಾಕುವುದಿಲ್ಲ" ಎಂದ. ಆ ಮಾತನ್ನು ಭಾವ ಅವನ ಕೈಯಿಂದಲೇ ಒಂದು ಕಾಗದದಲ್ಲಿ ಬರೆಸಿಕೊಂಡರು.

ಆ ದೇಶದ ಕಾನೂನೂ ಹೊಣೆಯನ್ನು ಹಿರಿಯರ ಮೇಲೆಯೇ ಹೊರಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ 16 ವರ್ಷ ತುಂಬದವರಿಗೆ ಪ್ರಾಣಿಗಳನ್ನು ಮಾರುವಂತಿಲ್ಲ. ಮಗು ಸಾಕಿದ ಪ್ರಾಣಿಗೆ ಅದರ ಪೋಷಕರೇ ಜವಾಬ್ದಾರರು. ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜವಾಗಿ ವರ್ತಿಸಲು ಅವಕಾಶ, ಅಗತ್ಯಕ್ಕೆ ತಕ್ಕಂತೆ ಜೊತೆ ಅಥವಾ ಏಕಾಂತ, ನೋವು ಮತ್ತು ರೋಗದಿಂದ ರಕ್ಷಣೆ. ಈ ಐದನ್ನು ಒದಗಿಸುವುದು ಕಡ್ಡಾಯ. ಕಾರ್ನ್ ಸ್ನೇಕ್ ಒಂಟಿಯಾಗಿ ಬದುಕುವ ಜೀವಿ. ಅದಕ್ಕೆ ಜೊತೆ ತಂದು ಹಾಕುವುದು ಉಪಕಾರವಲ್ಲ, ಹಿಂಸೆ.

ಮೊದಲು ಮನೆ, ಆಮೇಲೆ ಅತಿಥಿ

ನಾವು ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ಹಾಸಿಗೆ ಹುಡುಕುವುದಿಲ್ಲ. ಹಾವಿನ ವಿಷಯದಲ್ಲಿಯೂ ಹಾಗೆಯೇ. ಅಜ್ಜಿಯ ಮನೆಯ ಗಾಜಿನ ಪೆಟ್ಟಿಗೆ ಹಳೆಯದು, ಅದಕ್ಕೆ ಚಿಕ್ಕದು. ಆದ್ದರಿಂದ ಭಾವ ಯಾರೋ ಬಳಸಿದ ನಾಲ್ಕು ಅಡಿ ಉದ್ದದ ಮರದ ಗೂಡನ್ನು ಕೊಂಡು ತಂದರು. ಮುಂದೆ ಜಾರುವ ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಹಾವು ಮೈ ಚಾಚಿ ಮಲಗುವಷ್ಟು ಉದ್ದ ಗೂಡಿಗೆ ಇರಲೇಬೇಕು ಎನ್ನುತ್ತಾರೆ ತಿಳಿದವರು.

ಹಾವು ನಮ್ಮಂತೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲಾರದು. ಬಿಸಿ ಬೇಕಾದಾಗ ಬಿಸಿ ಜಾಗಕ್ಕೆ, ತಂಪು ಬೇಕಾದಾಗ ತಂಪು ಜಾಗಕ್ಕೆ ಸರಿಯುತ್ತದೆ. ಆದ್ದರಿಂದ ಗೂಡಿನ ಒಂದು ಬದಿ 28ರಿಂದ 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 20ರಿಂದ 24 ಡಿಗ್ರಿ ಇರಬೇಕು. ಬಿಸಿ ಕೊಡುವ ಸಾಧನಕ್ಕೆ ಥರ್ಮೋಸ್ಟಾಟ್ ಕಡ್ಡಾಯ. ಅದಿಲ್ಲದಿದ್ದರೆ ಹಾವಿನ ಹೊಟ್ಟೆ ಸುಟ್ಟು ಹೋಗಬಹುದು. ಎರಡೂ ಬದಿಗೆ ಒಂದೊಂದು ಥರ್ಮಾಮೀಟರ್ ಇಟ್ಟರು.

ಅಡಗಲು ಒಂದಲ್ಲ, ಎರಡು ಗುಹೆ ಬೇಕು. ಬಿಸಿಯಲ್ಲೊಂದು, ತಂಪಿನಲ್ಲೊಂದು. ಒಂದೇ ಇದ್ದರೆ ಹಾವು ಭಯದಿಂದ ಅಲ್ಲೇ ಅಡಗಿ ಕುಳಿತು, ಬೇಕಾದ ಬಿಸಿಯನ್ನೋ ತಂಪನ್ನೋ ಬಿಟ್ಟುಕೊಡುತ್ತದೆ. ಗುಹೆ ವಿಶಾಲವಾಗಿರಬಾರದು, ಮೈಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ನೆಲಕ್ಕೆ ಆಸ್ಪೆನ್ ಮರದ ತೆಳು ಸಿಪ್ಪೆ ಹಾಸಿದರು. ದೇವದಾರು ಜಾತಿಯ ಘಾಟು ವಾಸನೆಯ ಮರದ ಪುಡಿ ಹಾವಿಗೆ ಒಳ್ಳೆಯದಲ್ಲ. ಮೈ ಮುಳುಗುವಷ್ಟು ಅಗಲದ ನೀರಿನ ಬೋಗುಣಿ ಇಟ್ಟರು, ಹತ್ತಲು ಒಂದು ಕೊಂಬೆ.

ಗೂಡನ್ನು ಎಲ್ಲಿಡುವುದು? ಹುಡುಗನಿಗೆ ಹಾಲ್‌ನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಡುವ ಆಸೆ. ಆದರೆ ಹಾವು ನೆಲದ ಅದುರುವಿಕೆಯನ್ನು ಮೈಯಿಂದಲೇ ತಿಳಿಯುತ್ತದೆ. ಟಿ.ವಿ., ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಓಡಾಟದ ನಡುವೆ ಅದಕ್ಕೆ ನೆಮ್ಮದಿಯಿರದು. ಕಿಟಕಿಯ ಬಿಸಿಲಿಗಿಟ್ಟರೆ ಗೂಡು ಕಾದು ಒಲೆಯಾಗುತ್ತದೆ. ಕೊನೆಗೆ ಮಹಡಿಯ ಚಿಕ್ಕ ಓದುಕೋಣೆಯ ಮೂಲೆ ನಿಗದಿಯಾಯಿತು. ಹಾವು ಬರುವುದಕ್ಕೆ ಒಂದು ವಾರ ಮೊದಲೇ ಎಲ್ಲವನ್ನೂ ಜೋಡಿಸಿ, ದಿನವೂ ಬಿಸಿಯನ್ನು ಬರೆದಿಟ್ಟರು. ಮೂರನೆಯ ದಿನ ಬಿಸಿ 34ಕ್ಕೆ ಏರಿತ್ತು. ಥರ್ಮೋಸ್ಟಾಟಿನ ತಂತಿ ಜಾಗ ತಪ್ಪಿತ್ತು. ಹಾವು ಒಳಗಿದ್ದಾಗ ಹಾಗಾಗಿದ್ದರೆ ಎಂದು ಯೋಚಿಸಿ ಭಾವ ತಂತಿಯನ್ನು ಭದ್ರವಾಗಿ ಕಟ್ಟಿದರು.

ತಂಗಿಯ ಷರತ್ತು ಒಂದೇ ಆಗಿತ್ತು. "ಇಲಿ ನನ್ನ ಅಡುಗೆಮನೆಯ ಫ್ರಿಜ್ಜಿಗೆ ಬರಕೂಡದು." ಈ ಹಾವಿಗೆ ಹೆಪ್ಪುಗಟ್ಟಿಸಿದ ಸತ್ತ ಇಲಿಗಳನ್ನು ಕೊಡುತ್ತಾರೆ. ಜೀವಂತ ಇಲಿ ಹಾಕುವುದು ಇಲಿಗೆ ಕ್ರೌರ್ಯ, ಇಲಿ ಕಚ್ಚಿದರೆ ಹಾವಿಗೂ ಗಾಯ. ಅಜ್ಜಿ ತಮ್ಮಲ್ಲಿದ್ದ ಚಿಕ್ಕ ಫ್ರೀಜರನ್ನು ಅದರೊಳಗಿದ್ದ ಇಲಿಗಳ ಸಹಿತ ಕೊಟ್ಟುಬಿಟ್ಟರು. ಅದು ಗ್ಯಾರೇಜಿಗೆ ಹೋಯಿತು. ಸತ್ತ ಪ್ರಾಣಿಯ ವ್ಯಾಪಾರಕ್ಕೆ ನಮ್ಮಲ್ಲಿ ನಿಷೇಧವಿರುವುದರಿಂದ ಮುಂದೆ ಇಲಿ ಕೊಳ್ಳುವ ವಿಚಾರವನ್ನೂ ಭಾವ ವಿದ್ವಾಂಸರಲ್ಲಿ ಕೇಳಿಕೊಂಡರು. ಹಾವು ಸಾಕಬೇಕೆನ್ನುವ ಮುಸ್ಲಿಮ್ ಮನೆಯವರು ಈ ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಏನೂ ಮಾಡದಿರುವ ಏಳು ದಿನ

ಒಂದು ಶನಿವಾರ ಬೆಳಿಗ್ಗೆ ಅಜ್ಜಿ ಹಾವನ್ನು ಮೆಲ್ಲನೆ ದಿಂಬಿನ ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು ಕೊಟ್ಟರು. ಜೊತೆಗೆ ಅದರ ಹಳೆಯ ಗುಹೆ, ನೀರಿನ ಬೋಗುಣಿ, ಹಳೆಯ ಹಾಸಿನ ಒಂದು ಹಿಡಿ. ತನ್ನದೇ ವಾಸನೆ ಇದ್ದರೆ ಹಾವಿಗೆ ಹೊಸ ಜಾಗದ ಭಯ ಕಡಿಮೆಯಂತೆ. ಅಜ್ಜಿ ಡಬ್ಬಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹುಡುಗನಿಗೆ ಹೇಳಿದರು: "ಒಂದು ವಾರ ಅದನ್ನು ಮರೆತುಬಿಡು."

ಮರೆಯುವುದೆಂದರೆ ನೀರು ಬದಲಾಯಿಸುವುದು, ಬಿಸಿ ನೋಡುವುದು, ಬೀಗ ನೋಡುವುದು. ಇಷ್ಟು ಬಿಟ್ಟು ಬೇರೇನೂ ಇಲ್ಲ. ಎತ್ತಿಕೊಳ್ಳುವಂತಿಲ್ಲ. ಗಾಜು ತಟ್ಟುವಂತಿಲ್ಲ. ಗುಹೆ ಎತ್ತಿ ಇಣುಕುವಂತಿಲ್ಲ. ಐದರಿಂದ ಏಳು ದಿನ ಕಳೆಯದೆ ಆಹಾರವನ್ನೂ ಕೊಡುವಂತಿಲ್ಲ. ಹೆದರಿದ ಹಾವು ತಿನ್ನುವುದಿಲ್ಲ, ತಿಂದರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಪ್ರೀತಿಯೆಂದರೆ ಮುದ್ದಾಡುವುದು ಎಂದು ತಿಳಿದ ನಮಗೆ ಇದು ಬಹಳ ಕಷ್ಟದ ಕೆಲಸ. ಹುಡುಗ ಶಾಲೆಯಿಂದ ಬಂದವನೇ ಓದುಕೋಣೆಗೆ ಹೋಗಿ ನೆಲದಲ್ಲಿ ಕುಳಿತುಬಿಡುತ್ತಿದ್ದ. ಮೊದಲ ಎರಡು ದಿನ ಏನೂ ಕಾಣಲಿಲ್ಲ. ಮೂರನೆಯ ಸಂಜೆ ತಂಪು ಬದಿಯ ಗುಹೆಯಿಂದ ಕಿತ್ತಳೆ ಬಣ್ಣದ ಮೂತಿ ಹೊರಬಂದು ನಾಲಿಗೆ ಆಡಿಸಿತು. ಹಾವು ನಾಲಿಗೆಯಿಂದಲೇ ಗಾಳಿಯ ವಾಸನೆ ಹಿಡಿಯುತ್ತದೆ. "ಖಾಲಾ, ಅದು ನಮ್ಮ ಮನೆಯನ್ನು ತಿಳಿದುಕೊಳ್ತಾ ಇದೆ" ಎಂದು ಪಿಸುಗುಟ್ಟಿದ. ತಂಗಿ ಮಾತ್ರ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಬಾಗಿಲಿನ ಕೆಳಗಿನ ಸಂದಿಗೆ ಟವೆಲ್ ತುರುಕಿ, ರಾತ್ರಿ ಎರಡು ಸಲ ಎದ್ದು ಬೀಗ ಹಾಕಿದೆಯೇ ಎಂದು ಮಗನನ್ನು ಎಬ್ಬಿಸಿ ಕೇಳುತ್ತಿದ್ದಳು. ಅವಳ ಭಯವೂ ಒಂದು ರೀತಿಯಲ್ಲಿ ಉಪಯೋಗಕ್ಕೇ ಬಂತು. ಈ ಹಾವುಗಳು ತಪ್ಪಿಸಿಕೊಳ್ಳುವುದರಲ್ಲಿ ನಿಪುಣವಂತೆ. ತಲೆ ತೂರುವಷ್ಟು ಸಂದಿ ಸಿಕ್ಕರೆ ಸಾಕು.

ಏಳನೆಯ ದಿನ ಶನಿವಾರ ಸಂಜೆ ಭಾವ ಇಲಿಯನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಚೀಲ ಸಹಿತ ಇಟ್ಟು ಬೆಚ್ಚಗೆ ಮಾಡಿದರು. ಮೈಕ್ರೋವೇವ್ ಒಲೆಯಲ್ಲಿ ಇಡಬಾರದು. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಂದಿಟ್ಟರು. ಕೈಯಲ್ಲಿ ಕೊಟ್ಟರೆ ಕೈಯೇ ಆಹಾರವೆಂದು ಹಾವು ತಿಳಿಯಬಹುದು. ಒಂದೆರಡು ನಿಮಿಷದಲ್ಲಿ ಬಿಸ್ಕೆಟ್ ಅದನ್ನು ಹಿಡಿದು ಸುತ್ತಿಕೊಂಡಿತು. ಹುಡುಗನ ಮುಖದಲ್ಲಿ ಈದ್‌ನ ಸಂತೋಷ!

ಒಂದು ತಪ್ಪು

ಮರುದಿನ ಭಾನುವಾರ. ಪರಿಚಯದ ಎರಡು ಕುಟುಂಬಗಳು ಮಧ್ಯಾಹ್ನದ ಊಟಕ್ಕೆ ಬಂದಿದ್ದವು. ನಾವು ಕೆಳಗೆ ಬಿರಿಯಾನಿ ಬಡಿಸುತ್ತಿದ್ದಾಗ ಮಹಡಿಯಲ್ಲಿ ಮಕ್ಕಳ ಗದ್ದಲ ಕೇಳಿಸಿತು. ಮಕ್ಕಳು ಆಡುತ್ತಿದ್ದಾರೆ ಎಂದುಕೊಂಡೆವು.

ಸೋಮವಾರ ಬೆಳಿಗ್ಗೆ ಗೂಡಿನಲ್ಲಿ ಅರ್ಧ ಜೀರ್ಣವಾದ ಇಲಿ ಬಿದ್ದಿತ್ತು. ಹಾವು ವಾಂತಿ ಮಾಡಿತ್ತು. ಕೋಣೆಯೆಲ್ಲ ದುರ್ವಾಸನೆ.

ಹುಡುಗ ಮೊದಲು ಏನೂ ಹೇಳಲಿಲ್ಲ. ಶಾಲೆಗೆ ಹೊರಟವನು ಮೆಟ್ಟಿಲಲ್ಲೇ ಕುಳಿತು ಅಳತೊಡಗಿದ. ಭಾನುವಾರ ಗೆಳೆಯರು 'ನಿನಗೇ ಹೆದರಿಕೆ, ಅದಕ್ಕೇ ಮುಟ್ಟುವುದಿಲ್ಲ' ಎಂದು ಗೇಲಿ ಮಾಡಿದರಂತೆ. ಇವನು ಹಾವನ್ನು ಹೊರತೆಗೆದು ಒಬ್ಬೊಬ್ಬರ ಕೈಗೂ ಕೊಟ್ಟಿದ್ದ. ತಿಂದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು. ಇದು ಅವನಿಗೆ ಗೊತ್ತಿತ್ತು, ಬಾಯಿಪಾಠವಾಗಿತ್ತು. "ಅದು ಸಾಯ್ತದಾ ಖಾಲಾ? ನನಗೂ ಆ ಬೆಕ್ಕಿನ ಹೆಂಗಸಿನ ಹಾಗೆ ಆಗ್ತದಾ?" ಎಂದು ಕೇಳಿದ. ನಾನು ಹೇಳಿದ ಪಾಠ ಆ ಎಳೆಯ ಮನಸ್ಸಿನಲ್ಲಿ ಅಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಅವನ ತಲೆ ಸವರಿ, "ಆ ಹೆಣ್ಣು ತಪ್ಪನ್ನು ತಿದ್ದಿಕೊಳ್ಳಲಿಲ್ಲ. ನೀನು ಒಪ್ಪಿಕೊಂಡೆ. ಒಪ್ಪಿಕೊಂಡವನಿಗೆ ತಿದ್ದಿಕೊಳ್ಳುವ ದಾರಿ ತೆರೆದೇ ಇರುತ್ತದೆ" ಎಂದೆ.

ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಭಾವ ಫೋನ್ ಮಾಡಿದರು. ಬಿಸಿ ಸರಿಯಿದೆಯೇ ನೋಡಿ, ಗೂಡು ಶುಚಿ ಮಾಡಿ, ನೀರು ಸದಾ ಇರಲಿ, ಹತ್ತರಿಂದ ಹದಿನಾಲ್ಕು ದಿನ ಆಹಾರ ಬೇಡ, ಆಮೇಲೆ ಎಂದಿನದಕ್ಕಿಂತ ಸಣ್ಣ ಇಲಿ ಕೊಡಿ, ಮತ್ತೆ ವಾಂತಿಯಾದರೆ ಕರೆತನ್ನಿ ಎಂದರು. ವಾಂತಿಯೊಂದಿಗೆ ಜೀರ್ಣರಸವೂ ಹೊರಹೋಗುವುದರಿಂದ ಹೊಟ್ಟೆ ಸುಧಾರಿಸಲು ಸಮಯ ಬೇಕು. ಅವಸರದಲ್ಲಿ ಮತ್ತೆ ತಿನ್ನಿಸಿದರೆ ಹಾವು ಸಾಯಲೂಬಹುದು.

ಆ ದಿನ ನಾನು ಕಾಣದ್ದನ್ನು ಕಂಡೆ. ಭಾವ ಕೆಲಸಕ್ಕೆ, ಹುಡುಗ ಶಾಲೆಗೆ ಹೋದ ಮೇಲೆ ತಂಗಿ ಕೈಗವಸು ಹಾಕಿ, ಮೂಗಿಗೆ ದುಪಟ್ಟಾ ಕಟ್ಟಿ, ಬಿಸ್ಮಿಲ್ಲಾಹ್ ಹೇಳಿ ಆ ಕೋಣೆಯ ಹೊಸ್ತಿಲು ದಾಟಿದಳು. ಹಾವು ಗುಹೆಯಲ್ಲಿತ್ತು. ಅವಳು ನಡುಗುವ ಕೈಯಿಂದ ಕೊಳೆಯಾದ ಹಾಸು ತೆಗೆದು, ಹೊಸದು ಹಾಕಿ, ನೀರು ಬದಲಾಯಿಸಿ, ಬೀಗ ಹಾಕಿ ಹೊರಬಂದಳು. ಸಾಬೂನಿನಲ್ಲಿ ಮೊಣಕೈವರೆಗೆ ತೊಳೆದುಕೊಂಡಳು. "ಹೊಟ್ಟೆ ಕೆಟ್ಟ ಜೀವ ಆಪಾ. ಹೊಲಸಿನಲ್ಲಿ ಹೇಗೆ ಬಿಡೋದು?" ಎಂದಷ್ಟೇ ಹೇಳಿದಳು.

ಆಮೇಲೆ ಓದುಕೋಣೆಯ ಕಾವಲು ಅವಳದೇ ಆಯಿತು. ಬಾಗಿಲಿಗೆ 'ಒಳಗೆ ಬರಬೇಡಿ' ಎಂದು ಬರೆದು ಅಂಟಿಸಿದಳು. ನೋಡಲು ಬಂದ ಮಕ್ಕಳಿಗೆ "ಇನ್ನೊಂದು ತಿಂಗಳು ಕಳೆಯಲಿ" ಎಂದು ಕೆಳಗಿನಿಂದಲೇ ಬಿಸ್ಕತ್ತು ಕೊಟ್ಟು ಕಳುಹಿಸುತ್ತಿದ್ದಳು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆದ್ದರಿಂದ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ರೋಗಿಗಳು ದೂರವಿರಬೇಕು. ಮುಟ್ಟಿದವರು ತಕ್ಷಣ ಸಾಬೂನು ಹಾಕಿ ಕೈ ತೊಳೆಯಬೇಕು. ಅದರ ಬೋಗುಣಿಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಈ ನಿಯಮಗಳನ್ನೆಲ್ಲ ತಂಗಿ ಮಗನಿಗಿಂತ ಚೆನ್ನಾಗಿ ಪಾಲಿಸಿದಳು.

ಹದಿಮೂರನೆಯ ದಿನ ಒಂದು ಸಣ್ಣ ಇಲಿ ಕೊಟ್ಟರು. ಹಾವು ತಿಂದಿತು. ಒಂದು ದಿನ, ಎರಡು ದಿನ, ಮೂರು ದಿನ ಕಳೆಯಿತು. ಇಲಿ ಹೊಟ್ಟೆಯಲ್ಲೇ ಉಳಿಯಿತು. ಮೂರನೆಯ ರಾತ್ರಿ ಹುಡುಗ ಹೇಳದೆಯೇ ಎರಡು ರಕಅತ್ ನಮಾಝ್ ಮಾಡಿದ್ದನ್ನು ನಾನು ನೋಡಿದೆ.

ಪೊರೆ

ನಾನು ಹೊರಡುವುದಕ್ಕೆ ಹತ್ತು ದಿನವಿದ್ದಾಗ ಹಾವಿನ ಬಣ್ಣ ಮಂಕಾಯಿತು. ಕಣ್ಣುಗಳು ಹಾಲು ಬೆರೆಸಿದ ನೀಲಿಯಾದವು. ಅದು ಪೊರೆ ಬಿಡುವ ಸೂಚನೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಪೊರೆಯೇ ಇರುತ್ತದೆ. ಆ ದಿನಗಳಲ್ಲಿ ಅದಕ್ಕೆ ಸರಿಯಾಗಿ ಕಾಣಿಸದು, ಬೇಗ ಹೆದರುತ್ತದೆ. ಮುಟ್ಟಬಾರದು, ಆಹಾರಕ್ಕೂ ಅವಸರ ಮಾಡಬಾರದು. ಒದ್ದೆ ಪಾಚಿ ತುಂಬಿದ ಒಂದು ಡಬ್ಬಿಯನ್ನು ಒಳಗಿಟ್ಟರೆ ಪೊರೆ ಸುಲಭವಾಗಿ ಬಿಡುತ್ತದೆ. ಹುಡುಗ ತಾನೇ ಅದನ್ನು ಮಾಡಿಟ್ಟ. ಗೆಳೆಯರಿಗೆ ಫೋನ್ ಮಾಡಿ, "ಈಗ ಬರಬೇಡಿ, ಅದಕ್ಕೆ ಕಣ್ಣು ಕಾಣ್ತಾ ಇಲ್ಲ" ಎಂದ. ಕೆಲವೇ ವಾರಗಳ ಹಿಂದೆ ಅವರ ಗೇಲಿಗೆ ಸೋತ ಹುಡುಗ ಇವನೇ.

ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ತಂಗಿ ನನ್ನನ್ನು ಕರೆದಳು. ಗೂಡಿನಲ್ಲಿ ತಲೆಯಿಂದ ಬಾಲದವರೆಗೆ ತುಂಡಾಗದ ಒಂದೇ ಪೊರೆ, ಕಳಚಿದ ಕಾಲುಚೀಲದಂತೆ ಮಗುಚಿ ಬಿದ್ದಿತ್ತು. ಕೊಂಬೆಯ ಮೇಲೆ ಬಿಸ್ಕೆಟ್ ಕೆಂಪಗೆ ಹೊಳೆಯುತ್ತಿತ್ತು. ಪೊರೆ ಹರಿಯದೆ ಪೂರ್ತಿಯಾಗಿ ಬಂದರೆ ಗೂಡಿನ ಹವೆ ಅದಕ್ಕೆ ಒಗ್ಗಿದೆ, ಹಾವು ಆರೋಗ್ಯವಾಗಿದೆ ಎಂದರ್ಥ. ಕಣ್ಣಿನ ಪೊರೆ ಬಂದಿದೆಯೇ ಎಂದು ನೋಡಬೇಕೆಂದು ಹುಡುಗ ಹೇಳಿದ್ದ. ತಂಗಿ ಗಾಜು ಸರಿಸಿ ಪೊರೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಾವನ್ನು ಮುಟ್ಟಲು ಅವಳು ಇಂದಿಗೂ ಒಪ್ಪಿಲ್ಲ. ಆದರೆ ಆ ಬೆಳಿಗ್ಗೆ ಪೊರೆಯನ್ನು ಬೆರಳಿನಿಂದ ಸವರಿ, "ಈರುಳ್ಳಿ ಸಿಪ್ಪೆಯ ಹಾಗೆ ಇದೆ ಆಪಾ" ಎಂದು ನಕ್ಕಳು.

ಆ ದಿನ ಮಧ್ಯಾಹ್ನ ಹುಡುಗ ಆರೈಕೆ ಕೇಂದ್ರಕ್ಕೆ ಹೋಗಿ ಅಜ್ಜಿಗೆ ಪೊರೆಯ ಫೋಟೋ ತೋರಿಸಿ ಬಂದ.

ನಮ್ಮೂರಿನ ಮಕ್ಕಳಿಗೆ

ಶಾಲೆ ತೆರೆದ ಮೇಲೆ ತರಗತಿಯಲ್ಲಿ ಈ ಕಥೆ ಹೇಳಿದಾಗ ಒಬ್ಬಳು ಹುಡುಗಿ ಎದ್ದು, "ಟೀಚರ್, ನಮ್ಮ ತೋಟದಲ್ಲಿ ಕೇರೆ ಹಾವಿನ ಮರಿ ಇದೆ. ತಂದು ಸಾಕಬಹುದಾ?" ಎಂದು ಕೇಳಿದಳು. ಖಂಡಿತ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕೇರೆ, ನಾಗರ ಮೊದಲಾದ ನಮ್ಮ ಕಾಡು ಹಾವುಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ. ಮೇಲಾಗಿ ಮರಿಯಾಗಿರುವಾಗ ಯಾವುದು ಕೇರೆ, ಯಾವುದು ವಿಷದ್ದು ಎಂದು ಮಕ್ಕಳಿಗಲ್ಲ, ದೊಡ್ಡವರಿಗೂ ತಿಳಿಯುವುದಿಲ್ಲ. ಮನೆಯೊಳಗೆ ಹಾವು ಬಂದರೆ ದೂರ ಸರಿದು ಅರಣ್ಯ ಇಲಾಖೆಯವರನ್ನೋ ಹಾವು ಹಿಡಿಯಲು ತಿಳಿದವರನ್ನೋ ಕರೆಯಬೇಕು. ಕಚ್ಚಿದರೆ ಗಾಯ ಕೊಯ್ಯದೆ, ನಾಟಿ ಮದ್ದಿಗೆ ಕಾಯದೆ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಸಹೋದರಿಯರೇ, ಎಲ್ಲರೂ ಹಾವು ಸಾಕಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಮನೆಯಲ್ಲಿ ಕೇಳಿದರೆ ನಾನು ಬೇಡವೆಂದೇ ಹೇಳುವೆ. ನಮ್ಮ ಮಕ್ಕಳು ಬೆಕ್ಕಿನ ಮರಿ ಕೇಳುತ್ತಾರೆ, ಬಣ್ಣದ ಕೋಳಿಮರಿ ಕೇಳುತ್ತಾರೆ, ಗಾಜಿನ ಲೋಟದಲ್ಲಿ ಮೀನು ಕೇಳುತ್ತಾರೆ. ಹಟ ತಾಳಲಾರದೆ ತಂದುಕೊಡುತ್ತೇವೆ. ಮೊದಲ ದಿನವೇ ಹತ್ತು ಕೈಗಳು ಅದನ್ನು ಹಿಸುಕುತ್ತವೆ. ನಾಲ್ಕನೆಯ ದಿನ ಅದು ಸತ್ತಾಗ ಮಗು ಒಂದು ಗಂಟೆ ಅಳುತ್ತದೆ, ನಾವು ಇನ್ನೊಂದು ತಂದುಕೊಡುತ್ತೇವೆ. ಆಗ ಮಗು ಕಲಿಯುವುದೇನು? ಜೀವ ಹೋದರೆ ಇನ್ನೊಂದು ಕೊಳ್ಳಬಹುದು ಎಂಬ ಪಾಠವನ್ನೇ ಅಲ್ಲವೇ?

ತರುವುದಕ್ಕೆ ಮೊದಲು ಕೇಳಿಕೊಳ್ಳೋಣ. ಇದು ಎಷ್ಟು ವರ್ಷ ಬದುಕುತ್ತದೆ? ನಾನು ಕಾಯಿಲೆ ಬಿದ್ದರೆ ನೋಡುವವರು ಯಾರು? ಇದಕ್ಕೆ ಬೇಕಾದ ಜಾಗ ಸಿದ್ಧವಿದೆಯೇ? ತಂದ ಮೇಲೆ ಒಂದು ವಾರ ಮುಟ್ಟದೆ ಇರುವ ಸಹನೆ ನಮ್ಮ ಮಕ್ಕಳಿಗಿದೆಯೇ, ನಮಗಿದೆಯೇ?

ಮೊನ್ನೆ ಫೋನಿನಲ್ಲಿ ತಂಗಿಯನ್ನು ಕೇಳಿದೆ, "ಹೇಗಿದೆ ನಿಮ್ಮ ಬಿಸ್ಕೆಟ್?" ಎಂದು. "ಚೆನ್ನಾಗಿದೆ ಆಪಾ. ಇವನು ಪರೀಕ್ಷೆಯ ಓದಿನಲ್ಲಿದ್ದಾನೆ, ಆದರೂ ನೀರು ಇವನೇ ಇಡ್ತಾನೆ" ಎಂದಳು. ಆಮೇಲೆ ಸ್ವಲ್ಪ ತಡೆದು ಹೇಳಿದಳು: "ಬೀಗ ಮಾತ್ರ ಈಗಲೂ ನಾನೇ ನೋಡೋದು."